ಚೌಡಯ್ಯನ ಬಸ್ಸಿನಲ್ಲಿ ಗಂಡು ನೋಡುವ ಶಾಸ್ತ್ರ

ಬಸ್ಸು ಮಂಡ್ಯ ಬಿಡುವ ಮೊದಲೇ ಸ್ವರೂಪನಿಗೆ ಸಾಕು ಸಾಕಾಗಿ ಹೋಗಿತ್ತು. ಹೊಸ ಶರ್ಟಿನ ಕಾಲರು ಕತ್ತು ಕೆರೆಯುತ್ತಿತ್ತು. ಅಕ್ಕ ವೀಣ ಬಲವಂತದಿಂದ ತೊಡಿಸಿದ ಬೂಟು ಹಿಮ್ಮಡಿ ಕಚ್ಚುತ್ತಿತ್ತು. ನಸುಕಿಗೇ ಎದ್ದು ಹನಕೆರೆಯಿಂದ ಬಂದಿದ್ದರಿಂದ ಕಣ್ಣು ಎಳೆಯುತ್ತಿತ್ತು. ಅದೆಲ್ಲ ಹಾಳಾಗಲಿ, ತಡೆದುಕೊಳ್ಳಬಹುದು. ಮೂವತ್ತೈದು ದಾಟಿದ ಗಂಡಸನ್ನು ಸಂತೆಗೆ ಹೊಡೆದುಕೊಂಡು ಹೋಗುವ ಹೋರಿಯ ಹಾಗೆ ತೊಳೆದು, ಒರೆಸಿ, ಕ್ರಾಪು ತೀಡಿ ಮತ್ತೆ ಮತ್ತೆ ತೋರಿಸಿಕೊಂಡು ಬಂದರೆ ಅವನಿಗಾದರೂ ಎಷ್ಟು ಸಲ ಹುರುಪು ಬಂದೀತು ಹೇಳಿ?

ಕಾಲ ಹೇಗೆ ಕೆಟ್ಟಿದೆ ಅಂದರೆ, ನಮ್ಮ ಸೀಮೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಅನ್ನುವುದು ಈಗ ಹೆಸರಿಗೆ ಮಾತ್ರ. ನಡೆಯುವುದೆಲ್ಲ ಗಂಡು ನೋಡುವ ಶಾಸ್ತ್ರ. ನಾಲೆ ನೀರಿನ ಗದ್ದೆ, ಕಬ್ಬು, ತೆಂಗು, ತಾರಸಿ ಮನೆ, ಬಾಗಿಲಲ್ಲಿ ಟ್ರ್ಯಾಕ್ಟರು, ಎಲ್ಲ ಇರಲಿ. ಹುಡುಗ ಬೇಸಾಯ ಮಾಡುತ್ತಾನೆ ಅನ್ನುವ ಮಾತು ಬಂತೋ, ಹೆಣ್ಣಿನ ಕಡೆಯವರು ಕಾಫಿ ಲೋಟ ಕೆಳಗಿಟ್ಟು, 'ಫೋನ್ ಮಾಡ್ತೀವಿ ಬುಡಿ' ಅಂತ ಎದ್ದುಬಿಡುತ್ತಾರೆ. ಆ ಫೋನು ಬಂದದ್ದನ್ನು ಯಾವ ಮಗನೂ ಕಂಡಿಲ್ಲ. ಸ್ವರೂಪನ ಅವ್ವ ಚಿಕ್ಕಬೋರಮ್ಮ ಮೊದಮೊದಲು ಫೋನನ್ನು ಸೊಂಟಕ್ಕೇ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಆಮೇಲಾಮೇಲೆ ಚಾರ್ಜು ಹಾಕುವುದನ್ನೂ ಮರೆಯತೊಡಗಿದಳು.

ಇಂಥ ಹೊತ್ತಿನಲ್ಲಿ ಅವರಿಗೆ ಗಂಟು ಬಿದ್ದವನು ಚೌಡಯ್ಯ. ಅವನ ಬಸ್ಸಿನ ಮುಂದೆ 'ಪುರಾತನ ದೇವಸ್ಥಾನ, ಹಳೇ ಮಾರುಕಟ್ಟೆ, ಒಂದೇ ದಿನದಲ್ಲಿ' ಅಂತ ಬ್ಯಾನರು. ಮಂಡ್ಯದ ಬೆಲ್ಲ, ಮದ್ದೂರಿನ ಎಳನೀರು, ವೈದ್ಯನಾಥಪುರದ ಗುಡಿ, ಮಳವಳ್ಳಿ ಸಂತೆ, ಕೊನೆಗೆ ಮಾರೆಹಳ್ಳಿ ನರಸಿಂಹಸ್ವಾಮಿ. ಮೈಕು ಹಿಡಿದು ಎಲ್ಲವನ್ನೂ ವಿವರಿಸುವವನು ಅವನೇ. ಆದರೆ ಒಳಗುಟ್ಟು ಬೇರೆ. ಪ್ರತಿ ಟೂರಿನಲ್ಲಿ ಬೆಂಗಳೂರಿನ ನೋಡುಗರ ನಡುವೆ ಒಂದು ಗಂಡಿನ ಕಡೆ, ಒಂದು ಹೆಣ್ಣಿನ ಕಡೆ ಹತ್ತಿಸಿರುತ್ತಾನೆ. ಒಪ್ಪಿಗೆಯಾದರೆ ಸಂಜೆ ಮಾರೆಹಳ್ಳಿಯ ದೇವರ ಮುಂದೆ ಎಲೆ ಅಡಿಕೆ ಬದಲಾಯಿಸಿ ಒಪ್ಪುವೀಳ್ಯ ಮುಗಿಸಿಬಿಡುವುದು. ಒಪ್ಪದಿದ್ದರೆ ಟೂರಿಗೆ ಬಂದಿದ್ದೆವು, ದೇವರು ನೋಡಿದೆವು, ಅಷ್ಟೇ. ಯಾರ ಮುಖವೂ ಮುರಿಯುವುದಿಲ್ಲ. ಎಂಥಾ ತಲೆ ನೋಡಿ ಅವನದು!

"ಕಾಲರ್ ಮುಟ್ಕಬ್ಯಾಡ ಕಣ್ಲಾ," ಅಂತ ವೀಣ ಕಿವಿಯಲ್ಲಿ ಗದರಿದಳು. "ಯಾರಾರ ಕೇಳುದ್ರೆ ಬೇಸಾಯ ಅನ್ಬ್ಯಾಡ. ಅಗ್ರಿ ಬಿಸಿನೆಸ್ಸು ಅನ್ನು."

"ಎಳ್ನೀರು ಕೆಡವಿ ಮಾರೋದು ಯಾವ ಬಿಸಿನೆಸ್ಸಕ್ಕ?"

"ಅದೇ ಬಿಸಿನೆಸ್ಸು. ಬಾಯ್ಮುಚ್ಕಂಡು ಕೂತ್ಕ."

ಅವಳಿಗೂ ದಣಿವಾಗಿತ್ತು ಪಾಪ. ಮದುವೆಯಾಗಿ ಮಂಡ್ಯ ಸೇರಿದವಳು ತನ್ನ ಸಂಸಾರ ನೋಡಿಕೊಳ್ಳುವುದು ಬಿಟ್ಟು ವರ್ಷಗಟ್ಟಲೆಯಿಂದ ತಮ್ಮನ ಫೋಟೋ ಹಿಡಿದು ಮನೆಮನೆ ಅಲೆದಿದ್ದಳು. ಅವಳ ಚಪ್ಪಲಿ ಸವೆದಿದ್ದೂ ಅದಕ್ಕೆ, ಗಂಡನ ಕೈಲಿ ಬೈಸಿಕೊಂಡಿದ್ದೂ ಅದಕ್ಕೆ.

ಹೆಣ್ಣು ಎರಡು ಸೀಟು ಮುಂದೆ ಕೂತಿದ್ದಳು. ಹೆಸರು ದೀಪಿಕ. ಊರು ಭಾರತೀನಗರ. ಮಂಡ್ಯದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಪಕ್ಕದಲ್ಲಿ ಅಪ್ಪ ಕರಿಯಪ್ಪ, ಸಕ್ಕರೆ ಕಾರ್ಖಾನೆಯಿಂದ ರಿಟೈರಾದ ಮನುಷ್ಯ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಹುರಿ ಮಾಡಿದ ಮೀಸೆ. ವೈದ್ಯನಾಥಪುರದಲ್ಲಿ ತಾನೇ ಪರಿಚಯ ಮಾಡಿಸುವ ತನಕ ಹುಡುಗ ಹುಡುಗಿ ಮಾತಾಡಕೂಡದು ಅಂತ ಚೌಡಯ್ಯನ ಕಟ್ಟಪ್ಪಣೆ.

ಮಂಡ್ಯದ ಬೆಲ್ಲದ ಮಂಡಿಯಲ್ಲಿ ಚೌಡಯ್ಯ ಅಚ್ಚುಬೆಲ್ಲ, ಉಂಡೆಬೆಲ್ಲ ಅಂತ ಪುರಾಣ ಬಿಚ್ಚಿದಾಗ ದೀಪಿಕ ಕೈ ಅಡ್ಡ ಇಡದೆ ಬಾಯಿ ತುಂಬ ಆಕಳಿಸಿದಳು. ಸ್ವರೂಪನಿಗೆ ಅವಳು ಇಷ್ಟವಾದದ್ದು ಆ ಆಕಳಿಕೆಗೇ. ಇಷ್ಟು ವರ್ಷ ನೋಡಿದ ಹೆಣ್ಣುಗಳೆಲ್ಲ ಟ್ರೇ ಹಿಡಿದು ನೆಲ ನೋಡಿಕೊಂಡು ಬಂದವರು, ಇಲ್ಲವೇ ಮೊಬೈಲು ನೋಡಿಕೊಂಡು ಬಂದವರು. ತನ್ನ ಹಾಗೇ ದಣಿದವಳೊಬ್ಬಳನ್ನು ಅವನು ಮೊದಲ ಸಲ ನೋಡುತ್ತಿದ್ದ. ಇವಳು ಆಗಿಬರಲಪ್ಪ ದೇವರೇ, ಅಂತ ಮನಸ್ಸಿನಲ್ಲೇ ಅಂದುಕೊಂಡ. ಹಾಗೆ ಅಂದುಕೊಂಡು ಎಷ್ಟೋ ಕಾಲವಾಗಿತ್ತು.

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಬಸ್ಸು ನಿಂತಾಗ ಅವನಿಗೆ ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಅವನು ವಾರ ವಾರ ಲೋಡು ತಂದು ಸುರಿಯುವ ಜಾಗ ಅದು. ಆ ಕೆಸರು, ಆ ಲಾರಿಗಳು, ಆ ಕೂಗಾಟ ಎಲ್ಲ ಅವನ ಮನೆ ಅಂಗಳ ಇದ್ದ ಹಾಗೆ. ಅಲ್ಲಿ ಈಗ ಅವನು ಬೂಟು ಹಾಕಿಕೊಂಡು, ಬೆಂಗಳೂರಿನವರ ಸಾಲಿನಲ್ಲಿ ನಿಂತು, ಎಳನೀರು ಅಂದರೇನು ಅಂತ ಚೌಡಯ್ಯನ ಬಾಯಲ್ಲಿ ಕೇಳಬೇಕಾಯಿತು. ಎಳನೀರಿಗೆ ಮೂರು ಬಣ್ಣ, ಇಲ್ಲಿಂದ ಲಾರಿಗಳು ಬಾಂಬೆ ದಿಲ್ಲಿ ತನಕ ಹೋಗುತ್ತವೆ, ಅಂತ ಚೌಡಯ್ಯ ಕಿರುಚುತ್ತಿದ್ದ. ಸ್ವರೂಪ ತಲೆ ತಗ್ಗಿಸಿ ಒಂದು ಕಂಬದ ಹಿಂದಕ್ಕೆ ಸರಿದ. ಸರಿದು ಏನು ಬಂತು?

"ಏನ್ ಸ್ವರೂಪಣ್ಣ! ಲೋಡ್ ಎಲ್ಲಿ?" ಅವನ ಕಾಯಿ ಕೊಳ್ಳುವ ವ್ಯಾಪಾರಿ ಖಾಸಿಂ ಎಳನೀರಿನ ರಾಶಿಯ ಮೇಲಿಂದಲೇ ಕೂಗಿದ. "ಇದೇನಣ್ಣ ಬೂಟು ಗೀಟು? ಮದ್ವೆ ಗಂಡಾಗ್ಬುಟ್ಟಿದ್ದೀಯಲ್ಲ!"

"ಟೂರು ಕಣಯ್ಯ, ಟೂರಿಗೆ ಬಂದವ್ರೆ," ಅಂತ ಚೌಡಯ್ಯ ಮೈಕಿನಲ್ಲೇ ಹಲ್ಲು ಕಡಿದ.

"ಇಲ್ಲೀಗಾ? ಮೊನ್ನೆ ಇನ್ನ ಇಲ್ಲೇ ನಿಂತ್ಕಂಡು ನನ್ ಜೊತೆ ಜಗಳ ಕಾದ. ಮರ ಅತ್ತೋ ಆಳು ಬರ್ಲಿಲ್ಲ ಅಂತ ತಾನೇ ಅತ್ತಿ ಮೊಣಕೈ ತರಚ್ಕಂಡಿದ್ದ. ವಾಸಿ ಆಯ್ತೇನಣ್ಣ?"

ಬಸ್ಸಿನವರೆಲ್ಲ ಗೊಳ್ಳೆಂದು ನಕ್ಕರು. ಅಗ್ರಿ ಬಿಸಿನೆಸ್ಸು ಅಲ್ಲೇ ಕೆಸರಿನಲ್ಲಿ ಮುಳುಗಿಹೋಯಿತು. ವೀಣ ಹಣೆ ಚಚ್ಚಿಕೊಂಡಳು. ಕರಿಯಪ್ಪನಿಗೆ ಮಾತ್ರ ಏನೂ ಅನ್ನಿಸಲಿಲ್ಲ. "ಭೂಮಿ ಇದ್ದೋನು ಮರ ಅತ್ತದೆ ಇನ್ನೇನ್ ಮಾಡಾನು?" ಅಂದು ಮೀಸೆ ತಿರುವಿದ. ದೀಪಿಕ ತಿರುಗಿ ಸ್ವರೂಪನ ಮೊಣಕೈಯನ್ನೇ ನೋಡಿದಳು. ನೋಡಿ ಸಣ್ಣಗೆ ನಕ್ಕಳು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಅಲ್ಲಿಂದ ವೈದ್ಯನಾಥಪುರದ ತನಕ ಸ್ವರೂಪನಿಗೆ ಬೂಟು ಕಚ್ಚುವುದೂ ಗೊತ್ತಾಗಲಿಲ್ಲ, ಅಷ್ಟು ಆಸೆ ಹುಟ್ಟಿಬಿಟ್ಟಿತ್ತು.

ಗುಡಿಯಲ್ಲಿ ಚೌಡಯ್ಯ ಕಂಬ ತೋರಿಸಿದ, ಕೆತ್ತನೆ ತೋರಿಸಿದ, ರಾಜರ ಹೆಸರು ಹೇಳಿದ. ಮಂಗಳಾರತಿ ಮುಗಿದ ಮೇಲೆ ಕರಿಯಪ್ಪನಿಗೂ ವೀಣಳಿಗೂ ಕಣ್ಣು ಮಿಟುಕಿಸಿ, ಹುಡುಗ ಹುಡುಗಿಯ ಕಡೆ ತಿರುಗಿ, "ನೀವಿಬ್ರೂ ಓಗಿ ಒಳೆ ನೋಡ್ಕಂಡ್ ಬನ್ನಿ," ಅಂದ. ಹೀಗೆ ದೊಡ್ಡವರೇ ದಬ್ಬಿದ ಮೇಲೆ ಸ್ವರೂಪನೂ ದೀಪಿಕಳೂ ಬರಿಗಾಲಲ್ಲಿ ಶಿಂಷಾ ದಡದ ಕಲ್ಲಿನ ಮೇಲೆ ಹೋಗಿ ಕೂತರು. ಬಿಸಿಲು ಏರಿತ್ತು. ಹೊಳೆಯಲ್ಲಿ ನೀರು ಅಷ್ಟಕ್ಕಷ್ಟೇ.

"ಕಾಲು ಬೊಬ್ಬೆ ಬಂದಿದೆಯಲ್ಲ," ಅಂದಳು ದೀಪಿಕ. ತನ್ನ ಚೀಲದಿಂದ ಒಂದು ಪ್ಲಾಸ್ಟರು ಪಟ್ಟಿ ತೆಗೆದು ಕೊಟ್ಟಳು. "ಹಚ್ಕೊಳಿ. ಬೂಟು ಹೊಸದು ಅಂತ ನೀವು ನಡೆಯೋದ್ ನೋಡೇ ಗೊತ್ತಾಯ್ತು."

ಅವನು ಹಚ್ಚಿಕೊಂಡ. ಅವನ ಗಾಯವನ್ನು ಅವ್ವನನ್ನು ಬಿಟ್ಟು ಇನ್ನೊಂದು ಹೆಂಗಸು ವಿಚಾರಿಸಿದ್ದೇ ಇಲ್ಲ.

"ನಿಮ್ಮಮ್ಮ ಯಾಕೆ ಬರ್ಲಿಲ್ಲ ಇವತ್ತು?"

"ಅವ್ವಂಗೆಲ್ಲಿ ಆಯ್ತದೆ? ಅಸ ಅವೆ. ಎರಡೊತ್ತೂ ಆಲು ಕರ್ದು ಡೈರಿಗೆ ಆಕ್ಬೇಕು."

"ನಮ್ಮಮ್ಮನೂ ಅದಕ್ಕೇ ಬರ್ಲಿಲ್ಲ," ಅಂದಳು ದೀಪಿಕ. "ಅಪ್ಪ ಡ್ಯೂಟಿ ಮುಗಿಸ್ಕೊಂಡು ಬಂದು ಕಾಲ್ ಮೇಲೆ ಕಾಲ್ ಹಾಕ್ಕೊಂಡು ಕೂರೋರು. ಹಸ, ಗದ್ದೆ, ಆಳು ಕಾಳು ಎಲ್ಲ ಅಮ್ಮಂದೇ. ನಮ್ಮಕ್ಕನ ಮದುವೆ ದಿನ ಧಾರೆ ಆಗ್ತಿದ್ದಂಗೇ ಎದ್ದು ಓಡಿದ್ಲು, ಹಾಲು ಕರೆಯೋ ಹೊತ್ತಾಯ್ತು ಅಂತ. ಮಗಳ ಮದುವೆ ಊಟಕ್ಕೂ ಕೂರ್ಲಿಲ್ಲ."

ಸ್ವರೂಪನ ಅವ್ವನೂ ವೀಣಳ ಮದುವೆಯಲ್ಲಿ ಹಾಗೇ ಮಾಡಿದ್ದಳು. ಅದರಲ್ಲಿ ವಿಶೇಷವೇನಿದೆ ಅಂತ ಅವನು ಯಾವತ್ತೂ ಯೋಚಿಸಿರಲಿಲ್ಲ.

"ನೀವು ಒಳ್ಳೇವ್ರು, ಅದು ಕಾಣುತ್ತೆ," ಅಂದಳು ಅವಳು. "ಸುಳ್ಳು ಹೇಳಲ್ಲ, ನಿಮ್ಮಲ್ಲಿ ನಂಗೇನೂ ತಪ್ಪು ಕಾಣ್ಲಿಲ್ಲ. ಆದ್ರೆ ಆ ಮನೆಗೆ ನಾನು ಬರಲ್ಲ. ಬಂದ್ರೆ ನಾನೂ ಅಮ್ಮನೇ ಆಗೋಗ್ತೀನಿ. ನಂಗೆ ಈಗ್ಲೇ ಸುಸ್ತಾಗಿದೆ."

"ಅಸ ಮಾರ್ಬುಟ್ರೆ?" ಅಂದ ಸ್ವರೂಪ. ಮಾತು ಬಾಯಿಂದ ತಾನಾಗಿ ಬಂದಿತ್ತು.

"ಮಾರ್ತೀರ. ಮದುವೆ ಆಗೋ ತನಕ. ಆಮೇಲೆ ಇರ್ಲಿ ಒಂದು, ಮನೆ ಹಾಲಿಗೆ ಅಂತ ಕಟ್ತೀರ." ಅವಳು ಸಿಟ್ಟಿನಿಂದ ಹೇಳಲಿಲ್ಲ. ಅದೇ ಅವನಿಗೆ ಹೆಚ್ಚು ನಾಟಿತು.

"ಅಂಗಾರೆ ಬ್ಯಾಡ ಅಂದ್ಬುಡಿ. ನಂಗೇನೂ ಒಸದಲ್ಲ ಅದು."

"ನಾನು ಅನ್ನೋ ಹಂಗಿಲ್ಲ. ಎಷ್ಟೋ ಜನನ್ನ ಬೇಡ ಅಂದು ಕಳಿಸಿದ್ದೀನಿ. ನಾನು ಬೇಡ ಅಂದಾಗೆಲ್ಲ ಏಟು ಅಮ್ಮಂಗೆ ಬೀಳುತ್ತೆ. ನೀನು ಸಾಕಿದ್ದು ಹಿಂಗೆ ಅಂತ. ಈ ಸಲ ಗಂಡು ಒಪ್ಪಿದ್ರೆ ಮುಗೀತು, ನಿನ್ನ ಕೇಳೋದೇ ಇಲ್ಲ ಅಂದಿದ್ದಾರೆ ಅಪ್ಪ." ಅವಳು ಮೊದಲ ಸಲ ಅವನ ಮುಖ ನೋಡಿದಳು. "ನೀವು ಬೇಡ ಅಂದ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಬೇಡ ಅನ್ನಿಸಿಕೊಂಡೇ ಅರ್ಧ ಆಯಸ್ಸು ಕಳೆದವನು ಸ್ವರೂಪ. ಬೇಡ ಅನ್ನುವ ಭಾಗ್ಯ ಈಗ ಬಂತು, ಅದೂ ಎಷ್ಟೋ ಕಾಲದ ಮೇಲೆ ಮನಸ್ಸಿಗೆ ಬೇಕು ಅನ್ನಿಸಿದವಳಿಗೆ. ಆಗಲಿ ಅಂತಲೂ ಹೇಳಲಿಲ್ಲ, ಆಗುವುದಿಲ್ಲ ಅಂತಲೂ ಹೇಳಲಿಲ್ಲ. ಅಷ್ಟರಲ್ಲಿ ಚೌಡಯ್ಯನ ಸೀಟಿ ಕೇಳಿಸಿತು.

ಊಟಕ್ಕೆ ಒಂದು ತೋಟದಲ್ಲಿ ಎಲೆ ಹಾಕಿದ್ದರು. ಮುದ್ದೆ, ಅವರೆಕಾಳಿನ ಸಾರು. ಸ್ವರೂಪ ಮುದ್ದೆಯನ್ನು ಎಲೆಯಲ್ಲೇ ಹೊರಳಿಸುತ್ತ ಕೂತ. ಕರಿಯಪ್ಪ ಪಕ್ಕದಲ್ಲೇ ಕೂತು, "ಉಣ್ಣು ಮಗ, ಉಣ್ಣು, ಇನ್ನೇನು ನಮ್ಮೋನೇ ಆದೆ," ಅಂತ ಬೆನ್ನು ತಟ್ಟಿದ. ಆ ಕೈ ಭಾರವಾಗಿತ್ತು.

ಮಳವಳ್ಳಿ ಸಂತೆಯಲ್ಲಿ ವೀಣ ಚಿಕ್ಕ ಹುಡುಗಿಯಂತಾಗಿಬಿಟ್ಟಳು. ಅವಳು ಅಷ್ಟು ನಕ್ಕಿದ್ದನ್ನು ಸ್ವರೂಪ ನೋಡಿ ಯಾವ ಕಾಲವಾಗಿತ್ತೋ. ಒಪ್ಪುವೀಳ್ಯಕ್ಕೆ ವೀಳ್ಯದೆಲೆ ಬೇಕು, ತೂತು ಬೀಳದ ಎಲೆ ಬೇಕು ಅಂತ ಕಟ್ಟು ಬಿಚ್ಚಿಸಿ ಒಂದೊಂದೇ ಎಲೆ ಬಿಸಿಲಿಗೆ ಹಿಡಿದು ನೋಡಿದಳು. ಎಲೆ ಮಾರುವ ಮುದುಕಿ, "ಯಾರ್ಗೆ ತಾಯಿ ಶಾಸ್ತ್ರ?" ಅಂದರೆ, "ನನ್ ತಮ್ಮಂಗೆ ಕಣಮ್ಮ, ನನ್ ತಮ್ಮಂಗೆ," ಅಂತ ಸುತ್ತಲಿನ ಅಂಗಡಿಯವರಿಗೆಲ್ಲ ಕೇಳುವಂತೆ ಹೇಳಿದಳು. ಬಾಳೆಹಣ್ಣು, ತೆಂಗಿನಕಾಯಿ, ಅಡಿಕೆ, ಹೂವು, ಚೀಲ ತುಂಬಿತು.

ಸ್ವರೂಪ ಅವಳ ಹಿಂದೆ ಹಿಂದೆ ನಡೆದ. ಮೈಯೆಲ್ಲ ಸೋತಿತ್ತು, ತಲೆ ಮಾತ್ರ ಸುಮ್ಮನಿರಲಿಲ್ಲ. ತಾನು ಏನೂ ಮಾಡಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಸಂಜೆಗೆ ಹೆಣ್ಣು ಗೊತ್ತಾಗುತ್ತದೆ. ಬಂದ ಮೇಲೆ ಅವಳೂ ಹೊಂದಿಕೊಳ್ಳುತ್ತಾಳೆ, ಯಾರು ಹೊಂದಿಕೊಂಡಿಲ್ಲ? ಅವ್ವ ಹೊಂದಿಕೊಳ್ಳಲಿಲ್ಲವೇ? ಚೆನ್ನಾಗಿ ನೋಡಿಕೊಳ್ಳುತ್ತೇನೆ, ಕೆಲಸಕ್ಕೂ ಕಳಿಸುತ್ತೇನೆ, ಒಂದು ಬಿರುಸು ಮಾತೂ ಆಡುವುದಿಲ್ಲ. ಹೀಗೆ ತನ್ನ ಪರ ತಾನೇ ವಕಾಲತ್ತು ಮಾಡಿಕೊಂಡ. ಎಲ್ಲ ಸರಿ ಇತ್ತು. ಕಾಲಿಗೆ ಬೀಳ್ತೀನಿ ಅಂದವಳ ಮುಖ ಮಾತ್ರ ಒಂದು ಗಳಿಗೆಯೂ ಕಣ್ಣ ಮುಂದಿನಿಂದ ಹೋಗಲಿಲ್ಲ.

ಮಾರೆಹಳ್ಳಿಗೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ನರಸಿಂಹಸ್ವಾಮಿಯ ದರ್ಶನವಾಯಿತು. ಚೌಡಯ್ಯನಿಗೆ ಕಂಬಗಳ ಕತೆ ಹೇಳುವ ವ್ಯವಧಾನವೇ ಇರಲಿಲ್ಲ. ಬೆಂಗಳೂರಿನವರಿಗೆ, "ನೀವೇ ನೋಡ್ಕಳಿ ಸಾರ್," ಅಂದು ಮಂಟಪದಲ್ಲಿ ಚಾಪೆ ಹಾಸಿ ಹಿತ್ತಾಳೆ ತಟ್ಟೆ ಇಟ್ಟ. ಸುದ್ದಿ ತಿಳಿದ ಬಸ್ಸಿನವರು ಮೊಬೈಲು ಹಿಡಿದು ಸುತ್ತ ನೆರೆದರು. ವೀಣ ಭಾರದ ಚೀಲ ಎತ್ತಿಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು.

ಆಗ ದೀಪಿಕ ಎದ್ದುಹೋಗಿ, ಯಾರೂ ಹೇಳದೆ, ವೀಣಳ ಕೈಯಿಂದ ಚೀಲ ಇಸಿದುಕೊಂಡಳು. ಕೂತು ಹಣ್ಣು, ಕಾಯಿ, ಎಲೆ ಒಂದೊಂದಾಗಿ ತೆಗೆದು ತಟ್ಟೆಗೆ ಜೋಡಿಸತೊಡಗಿದಳು. ಸ್ವರೂಪನ ಕಡೆ ನೋಡಲಿಲ್ಲ. ಅವನು ಬೇಡ ಅನ್ನುವುದಿಲ್ಲ ಅಂತ ಅವಳು ತೀರ್ಮಾನಿಸಿಬಿಟ್ಟಿದ್ದಳು. ಯಾವ ಗಂಡು ತಾನೇ ಅಂದಾನು? ಆ ಕೈಗಳು ಆಗಲೇ ಒಂದು ಮನೆಯ ಚಾಕರಿಗೆ ಒಪ್ಪಿಕೊಂಡು ಕೂತ ಕೈಗಳು. ಸ್ವರೂಪನಿಗೆ ಅದನ್ನು ನೋಡಲಾಗಲಿಲ್ಲ.

"ವೀಣಕ್ಕ," ಅಂದ. "ನಂಗೆ ಈ ಮದ್ವೆ ಬ್ಯಾಡ."

ವೀಣ ಮೊದಲು ನಕ್ಕಳು. ತಮಾಷೆ ಅಂತಲೇ ಅಂದುಕೊಂಡಳು. ಆಮೇಲೆ ಅವನ ಮುಖ ನೋಡಿ ಅವಳ ಬಾಯಿ ಹಾಗೇ ತೆರೆದುಕೊಂಡಿತು.

"ಏನಂದ್ಯಯ್ಯ?" ಕರಿಯಪ್ಪ ಚಾಪೆಯಿಂದ ಎದ್ದ. "ಬ್ಯಾಡ್ವಾ? ನನ್ ಮಗಳಲ್ಲಿ ಏನ್ಲಾ ಐಬು ಕಂಡೆ ನೀನು?"

ಅದೇ ಕಷ್ಟ. ಸುಮ್ಮನೆ ಬೇಡ ಅಂದರೆ ಜನ ಹೆಣ್ಣಿನಲ್ಲೇ ಐಬು ಹುಡುಕುತ್ತಾರೆ, ಮನೆಗೆ ಹೋದ ಮೇಲೆ ಏಟು ಬೀಳುವುದು ಯಾರಿಗೆ ಅಂತ ಅವನಿಗೆ ಈಗ ಗೊತ್ತಿತ್ತು. ಸ್ವರೂಪನಿಗೆ ಯೋಚಿಸಿ ಮಾತಾಡಿ ಅಭ್ಯಾಸವಿಲ್ಲ. ತೋಚಿದ್ದು ಹೇಳಿಬಿಟ್ಟ.

"ನಿಮ್ ಮಗಳಲ್ಲಿ ಏನೂ ಇಲ್ಲ ಯಜಮಾನ್ರೆ, ಬಂಗಾರದಂಥೋರು. ತಪ್ಪು ನಂದು. ನಂಗೆ ಬ್ಯಾರೆ ಒಬ್ಬಳ ಮ್ಯಾಲೆ ಮನಸೈತೆ. ಮನೇಲಿ ಏಳಕ್ಕೆ ಎದ್ರುಕಂಡು ಬಂದ್ಬುಟ್ಟೆ."

ಕರಿಯಪ್ಪನ ಬಾಯಿಂದ ಬಂದ ಬೈಗುಳಗಳು ದೇವರೇ ಕಿವಿ ಮುಚ್ಚಿಕೊಳ್ಳುವಂಥವು. ಇನ್ನೊಬ್ಬಳನ್ನು ಇಟ್ಟುಕೊಂಡು ಮರ್ಯಾದಸ್ಥರ ಮಗಳನ್ನು ನೋಡಲು ಬಂದ ನಾಯಿ ಅಂದ, ಎಡಗಾಲಿನ ಎಕ್ಕಡ ತಗೊಂಡು ಹೊಡೀತೀನಿ ಅಂದ. ಬೆಂಗಳೂರಿನವರು ಮೊಬೈಲು ಕೆಳಗಿಳಿಸಿದರು. ಚೌಡಯ್ಯ ತಲೆ ಮೇಲೆ ಕೈ ಹೊತ್ತು ಕೂತ. "ನನ್ ಬಸ್ಸಿನ ಮಾನ ಕಳ್ದುಬುಟ್ಟಲ್ಲೋ ಸ್ವರೂಪ. ಕೇಳುಸ್ಕ, ಇನ್ನು ಈ ಮೂರು ತಾಲ್ಲೂಕಲ್ಲಿ ನಿಂಗೆ ಎಣ್ಣು ತೋರ್ಸೋನು ಉಟ್ಟಿಲ್ಲ," ಅಂದ. ಅವನು ಸಿಟ್ಟಿಗೆ ಹೇಳಿದ್ದಲ್ಲ, ಅದು ನಿಜ. ಸ್ವರೂಪನಿಗೂ ಅದು ಗೊತ್ತಿತ್ತು.

ದೀಪಿಕ ತಟ್ಟೆಯ ಮುಂದೆ ಹಾಗೇ ಕೂತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಜನ ಅದನ್ನು ಅವಮಾನ ಅಂದುಕೊಂಡರು. ಕರಿಯಪ್ಪನೂ ಹಾಗೇ ಅಂದುಕೊಂಡು, ಏನೆನ್ನಿಸಿತೋ, ಮೊದಲ ಸಲ ಮಗಳ ತಲೆ ಮೇಲೆ ಕೈ ಇಟ್ಟು, "ಬುಡು ಮಗ, ಇಂಥೋನು ತಪ್ಪಿದ್ದೇ ಒಳ್ಳೇದಾಯ್ತು," ಅಂದ. ಮಳವಳ್ಳಿಯಿಂದ ಬೇರೆ ಬಸ್ಸು ಹಿಡಿಯುತ್ತೇವೆ ಅಂತ ಅವಳನ್ನು ಕರೆದುಕೊಂಡು ಆಟೋ ಹತ್ತಿದ.

ವಾಪಸಿನ ದಾರಿಯಲ್ಲಿ ಸ್ವರೂಪ ಕೊನೆಯ ಸೀಟಿನಲ್ಲಿ ಬೂಟು ಬಿಚ್ಚಿ ಕೂತಿದ್ದ. ವೀಣ ಮುಂದೆ ಕೂತು ಫೋನಿನಲ್ಲಿ ಪಿಸುಪಿಸು ಮಾತಾಡುತ್ತಿದ್ದಳು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಅಂತ ಅವನು ಕಣ್ಣು ಮುಚ್ಚಿದ. ಅವನಿಗೆ ಏನೂ ಬೇಕಾಗಿರಲಿಲ್ಲ, ಒಂದು ನಿದ್ದೆ ಬಂದರೆ ಸಾಕಾಗಿತ್ತು.

ವೀಣ ಎದ್ದು ಬಂದು ಪಕ್ಕ ಕೂತಳು. ಅತ್ತು ಅತ್ತು ಮುಖ ಊದಿತ್ತು. ಆದರೆ ಅವನ ಕೈ ಹಿಡಿದುಕೊಂಡಳು.

"ಮೊದ್ಲೇ ಯೋಳ್ಬಾರ್ದೇನ್ಲಾ?" ಅಂದಳು. "ಅದಕ್ಯಾಕ್ಲಾ ಎದ್ರುಕತೀಯ? ನಾನೇನು ಉಲಿಯಾ? ತಗೋ, ಅವ್ವ ಲೈನಲ್ಲವ್ಳೆ."

ಸ್ವರೂಪ ಫೋನು ಕಿವಿಗೆ ಹಿಡಿದ.

"ಮಗ, ಯಾರೋ ಇದ್ದಾಳಂತಲ್ಲೋ!" ಚಿಕ್ಕಬೋರಮ್ಮನ ದನಿ ನಡುಗುತ್ತಿತ್ತು. "ನಿಂಗೆ ಯಾರೂ ಇಲ್ಲ, ನಾ ಸತ್ಮೇಲೆ ಒಬ್ಬಂಟಿ ಆಯ್ತೀಯ ಅಂತ ನಾನು ನಿದ್ದೆ ಮಾಡಿ ಎಷ್ಟು ದಿನ ಆಗಿತ್ತು ಗೊತ್ತಾ? ಯಾವ ಜನ ಆದ್ರೂ ಆಗ್ಲಿ, ಬಡವ್ರಾದ್ರೂ ಆಗ್ಲಿ. ಒಂದ್ ಮಾತು ಅನ್ನಲ್ಲ ನಾನು. ಎಸ್ರೇನ್ಲಾ ಅವಳ್ದು?"

ಸ್ವರೂಪ ಕಿಟಕಿಯ ಕಡೆ ಮುಖ ತಿರುಗಿಸಿದ. ಕಿಟಕಿಯಾಚೆ ಕಬ್ಬಿನ ಗದ್ದೆಗಳು ಕತ್ತಲಾಗುತ್ತಿದ್ದವು.

"ಅಯ್ಯೋ, ನಾಚ್ಕೆ ನೋಡು ಈ ವಯಸ್ನಲ್ಲಿ," ಅಂತ ಅವ್ವ ನಕ್ಕಳು. ಅಳುತ್ತಲೇ ನಕ್ಕಳು. "ಓಗ್ಲಿ ಬುಡು, ಎಸ್ರು ಆಮೇಲೆ ಏಳು. ಯಾವಾಗ ಕರ್ಕಂಡ್ ಬತ್ತೀಯ, ಅದ್ನಾರ ಏಳು."

ವೀಣ ಅವನ ಮುಖವನ್ನೇ ನೋಡುತ್ತಿದ್ದಳು. ಸ್ವರೂಪ ಫೋನನ್ನು ಇನ್ನಷ್ಟು ಕಿವಿಗೆ ಒತ್ತಿಕೊಂಡ.

"ಕರ್ಕಂಡ್ ಬತ್ತೀನಿ ಕಣವ್ವ," ಅಂದ. "ಉಂಡು ಮನೀಕ ನೀನು."